ಯವ್ವಾ ಎಂಬ ಸದ್ದು

ಎರಡು ಸಾವಿರದ ಐವತ್ತೆಂಟನೆಯ ಇಸವಿಯ ಮಾರ್ಚ್ ಹದಿನಾರರಂದು, ಮಧ್ಯಾಹ್ನ ಒಂದು ಗಂಟೆ ಹತ್ತು ನಿಮಿಷಕ್ಕೆ, ಮೆಣಸಿನಕಾಯಿ ಪೇಟೆಯ ಏಳನೆಯ ಗೋದಾಮಿನಲ್ಲಿ ಒಟ್ಟಿದ್ದ ಚೀಲಗಳು ಕುಸಿದು ಹುಲಿಗೆವ್ವ ಎಂಬ ಹಮಾಲಿ ಹೆಂಗಸು ಅಡಿಯಲ್ಲಿ ಸಿಕ್ಕಿಕೊಂಡಳು. ಅವಳು ಇಪ್ಪತ್ತೆರಡು ನಿಮಿಷ ಕೂಗಿದಳು. ಮೂವತ್ತು ಹೆಜ್ಜೆ ದೂರದಲ್ಲಿ ನಾಲ್ಕು ಜನ ಕೂತಿದ್ದರು. ಒಬ್ಬ ಗುಮಾಸ್ತ, ಇಬ್ಬರು ಖರೀದಿದಾರರು, ಒಬ್ಬ ಲಾರಿ ಚಾಲಕ. ನಾಲ್ವರ ಕಿವಿಯಲ್ಲೂ 'ತಿಳಿ' ಎಂಬ ಹರಳಿನಂಥ ಯಂತ್ರವಿತ್ತು. ಯಾರೂ ಏಳಲಿಲ್ಲ. ಒಂದು ಗಂಟೆ ಮೂವತ್ತೆರಡು ನಿಮಿಷಕ್ಕೆ ಕೂಗು ನಿಂತಿತು.

ಪೊಲೀಸರ ಮುಂದೆ ನಾಲ್ವರೂ ಹೇಳಿದ್ದು ಒಂದೇ ಮಾತು: ನಮಗೇನೂ ಕೇಳಿಸಲಿಲ್ಲ. ಅದು ಸುಳ್ಳಲ್ಲ. ಗುಮಾಸ್ತನಂತೂ ಹಣೆ ಬಡಿದುಕೊಂಡು ಅತ್ತ. ಆದರೆ ಅವರ ಕಿವಿಯಲ್ಲಿದ್ದ ಯಂತ್ರಕ್ಕೆ ಕೇಳಿಸಿತ್ತು. ಒಂದು ಸದ್ದನ್ನು ಅಳಿಸಬೇಕಾದರೆ ಮೊದಲು ಅದನ್ನು ಮೈಯೆಲ್ಲ ಕಿವಿಯಾಗಿ ಕೇಳಿಸಿಕೊಳ್ಳಬೇಕು. ಆ ನಾಲ್ಕು ಜೊತೆ ತಿಳಿಗಳ ನೆನಪಿನಲ್ಲಿ ಇಪ್ಪತ್ತೆರಡು ನಿಮಿಷವೂ ಒಂದು ಸೆಕೆಂಡು ತಪ್ಪದೆ ದಾಖಲಾಗಿತ್ತು. 'ಗುಂಪು ಹದಿನಾಲ್ಕು, ದುಡಿಮೆಯ ಸದ್ದು. ಅಳಿಸಲಾಗಿದೆ.' ಕೆಳಗೆ ಮತ್ತೆ ಅದೇ ಸಾಲು. ಅದರ ಕೆಳಗೆ ಮತ್ತೆ ಅದೇ. ಹೀಗೆ ನಾನೂರ ಹನ್ನೊಂದು ಸಲ.

ಧಾರವಾಡದ ಪ್ರಯೋಗಾಲಯದಲ್ಲಿ ಆ ಸಾಲುಗಳನ್ನು ಓದಿದವಳು ಡಾಕ್ಟರ್ ಕಸ್ತೂರಿ ಡಿ. ತಿಳಿಯನ್ನು ಕಟ್ಟಿದ ಮೊದಲ ಐವರಲ್ಲಿ ಒಬ್ಬಳು, ಧ್ವನಿವಿಜ್ಞಾನದಲ್ಲಿ ಹೆಸರು ಮಾಡಿದವಳು. ಹದಿನಾಲ್ಕನೆಯ ಗುಂಪಿಗೆ ಆ ಹೆಸರಿಟ್ಟವಳೂ ಅವಳೇ. ನೂರನೆಯ ಸಾಲಿಗೆ ಬರುವ ಹೊತ್ತಿಗೆ ಅವಳ ಕಿವಿಯ ತುದಿ ಸುಡತೊಡಗಿತ್ತು. ಎದ್ದು ಹೋಗಿ ಕೋಣೆಯ ಬಾಗಿಲು ಹಾಕಿಕೊಂಡಳು, ಯಾರಾದರೂ ತನ್ನ ಮುಖ ನೋಡಿಬಿಟ್ಟಾರು ಎಂದು.

ತಿಳಿ ಬಂದು ಏಳು ವರ್ಷವಾಗಿತ್ತು. ಅದಕ್ಕೂ ಮುಂಚೆ ಜನ ಕಿವಿಗೆ ಹಾಕಿಕೊಳ್ಳುತ್ತಿದ್ದ ಹರಳುಗಳು ಗದ್ದಲ ತಗ್ಗಿಸುತ್ತಿರಲಿಲ್ಲವೆಂದಲ್ಲ. ಸದ್ದೆಂದರೆ ಗಾಳಿಯಲ್ಲಿ ಏಳುವ ಅಲೆ. ಉಬ್ಬು, ತಗ್ಗು, ಮತ್ತೆ ಉಬ್ಬು. ಹೊರಗಿನ ಅಲೆ ಉಬ್ಬಿದ ಕಡೆ ಹರಳು ತನ್ನದೊಂದು ತಗ್ಗನ್ನು ಹುಟ್ಟಿಸುತ್ತದೆ, ತಗ್ಗಿದ ಕಡೆ ಉಬ್ಬನ್ನು. ಎರಡೂ ಸೇರಿದರೆ ನೆಲ ಸಮ, ಕಿವಿಗೆ ಮೌನ. ಆದರೆ ಈ ಉಪಾಯ ಫ್ಯಾನು, ವಿಮಾನ, ರೈಲಿನಂಥ ಒಂದೇ ಸಮ ಗುಂಯ್‌ಗುಡುವ ಸದ್ದಿನ ಮೇಲಷ್ಟೇ ಚೆನ್ನಾಗಿ ನಡೆಯುತ್ತಿತ್ತು. ಮನುಷ್ಯರ ದನಿ ಮುಂದಿನ ಕ್ಷಣ ಎತ್ತ ಹೊರಳುತ್ತದೋ ಬ್ರಹ್ಮನೂ ಹೇಳಲಾರ. ಹೊರಳಿದ ಮೇಲೆ ಅಳಿಸಹೊರಟರೆ ತಡವಾಯಿತು. ತಿಳಿ ಮಾಡಿದ್ದೇನೆಂದರೆ ದನಿಗಳ ಜಾತಕ ಕಲಿತದ್ದು. ಲಕ್ಷಗಟ್ಟಲೆ ದನಿಗಳನ್ನು ಕೇಳಿ ಕೇಳಿ, ಹೀಗೆ ಶುರುವಾದ ಕೂಗು ಹೀಗೇ ಮುಗಿಯುತ್ತದೆ ಎಂದು ಕೂಗುವವರ ಬಾಯಿ ಪೂರಾ ತೆರೆಯುವ ಮೊದಲೇ ಊಹಿಸಿ, ಎದುರಲೆಯನ್ನು ತಯಾರಾಗಿ ಇಟ್ಟಿರುತ್ತಿತ್ತು. ಬೇಕಾದ ದನಿ ಜರಡಿಯಲ್ಲಿ ಉಳಿಯಿತು, ಬೇಡದ್ದು ಉದುರಿತು.

ಜನ ಹಿಗ್ಗಿದರು. ರಾತ್ರಿ ಪಾಳಿಯ ನರ್ಸುಗಳು ಹಗಲು ಕಣ್ಣುತುಂಬ ನಿದ್ದೆ ಮಾಡಿದರು. ಮಕ್ಕಳು ಬಸ್‌ಸ್ಟ್ಯಾಂಡಿನಲ್ಲಿ ಕೂತು ಪರೀಕ್ಷೆಗೆ ಓದಿದರು. ಅತ್ತೆ ಸೊಸೆಯರ ಜಗಳ ಅರ್ಧಕ್ಕರ್ಧ ಇಳಿಯಿತೆಂದು ಪತ್ರಿಕೆಗಳು ಬರೆದವು. ಬೀದಿಯಲ್ಲಿ ಕೂಗಿ ಮಾರುವವರು ತಮ್ಮ ಕೂಗು ಗಿರಾಕಿಗಳ ಕಿವಿ ಮುಟ್ಟಲಿ ಎಂದು ಸರದಿಯಲ್ಲಿ ನಿಂತು ದನಿ ನೋಂದಾಯಿಸಿ ಚೀಟಿ ಪಡೆಯತೊಡಗಿದರು. ಚೀಟಿ ಸಿಗದವರು ಸುಮ್ಮನೆ ಬಾಯಿ ಆಡಿಸುತ್ತ ಹೋಗುವುದನ್ನು ಜನ ಕಿಟಕಿಯಿಂದ, ಗಾಜಿನ ತೊಟ್ಟಿಯ ಮೀನು ನೋಡಿದ ಹಾಗೆ ನೋಡಿದರು.

ಅಪಾಯದ ಯೋಚನೆಯನ್ನೂ ಕಂಪನಿ ಮಾಡಿತ್ತು. ಬೆಂಕಿಯ ಗಂಟೆ, ಆಂಬುಲೆನ್ಸಿನ ಸೈರನ್ನು, ಜೊತೆಗೆ ಹದಿನೇಳು 'ಪ್ರಾಣಶಬ್ದ'ಗಳು: ಇವನ್ನು ತಿಳಿ ಯಾವತ್ತೂ ಅಳಿಸುತ್ತಿರಲಿಲ್ಲ. ಕಾಪಾಡಿ. ರಕ್ಷಿಸಿ. ಸಹಾಯ ಮಾಡಿ. ದಯವಿಟ್ಟು ಯಾರಾದರೂ ಬನ್ನಿ. ಪಟ್ಟಿ ಮಾಡಿದ ಭಾಷಾತಜ್ಞರು ಪಠ್ಯಪುಸ್ತಕ ಓದಿದವರು, ನಾಟಕ ನೋಡಿದವರು, ವಾರ್ತೆ ಕೇಳಿದವರು. ಚೀಲದಡಿ ಸಿಕ್ಕ ಹುಲಿಗೆವ್ವ 'ಕಾಪಾಡಿ' ಎನ್ನಲಿಲ್ಲ. ಹುಟ್ಟಿದಾರಭ್ಯ ಆ ಮಾತು ಅವಳ ನಾಲಿಗೆ ಮೇಲೆ ಹಾದುಹೋದದ್ದೇ ಇಲ್ಲ. ಅವಳು ಯವ್ವಾ ಎಂದಳು. ಯಪ್ಪಾ ಸತ್ನೆಪ್ಪೋ ಎಂದಳು. ಬರ್ರ್ಯೋ ಎಂದಳು. ಕೊನೆಕೊನೆಗೆ ಬರೀ ಯವ್ವಾ.

ಬಾಗಿಲು ಹಾಕಿಕೊಂಡ ಕಸ್ತೂರಿಯ ಕಣ್ಣ ಮುಂದೆ ಬಂದದ್ದು ಎಂಟು ವರ್ಷದ ಹಿಂದಿನ ಒಂದು ಬೆಳಗು.

ಆಗ ಅವರು ತಿಳಿಗೆ ಸದ್ದುಗಳ ಗುರುತು ಕಲಿಸುತ್ತಿದ್ದರು. ಮಾರ್ದನಿ ಹುಟ್ಟದ ಹಾಗೆ ಗೋಡೆಗೆಲ್ಲ ಮೆತ್ತೆ ಹೊಡೆದ ಕೋಣೆ. ಒಂದೊಂದೇ ಧ್ವನಿಮುದ್ರಿಕೆ ಕೇಳುವುದು, ಇದು ದನಿ, ಇದು ಸದ್ದು ಎಂದು ಬೇರ್ಪಡಿಸುವುದು. ಅಂದು 'ಪೇಟೆ ಮೂರು' ಎಂಬ ಮುದ್ರಿಕೆ ಬಂತು. ಚೀಲ ಎಳೆಯುವ ಸರಸರ, ಘಾಟಿಗೆ ಯಾರದೋ ಸೀನು, ಹೆಂಗಸರ ನಗು. ನಡುವೆ ಚೀಲ ಎತ್ತುವವರ ಯವ್ವಾ. 'ಯವ್' ಎನ್ನುವಾಗ ಚೀಲ ಬೆನ್ನಿಗೇರುತ್ತದೆ, 'ವಾ' ಎನ್ನುವಾಗ ಕಾಲು ಮುಂದಕ್ಕೆ ಬೀಳುತ್ತದೆ. ಎರಡನೆಯ ನಿಮಿಷದಲ್ಲಿ ಒಂದು ದನಿ ಉಳಿದವುಗಳಿಂದ ಬೇರೆಯಾಗಿ ಕೇಳಿತು. ತುಸು ಒಡಕು, ಕೊನೆಗೊಂದು ಒಣಕೆಮ್ಮು. ಕಸ್ತೂರಿಯ ಬೆನ್ನು ನೆಟ್ಟಗಾಯಿತು. ಅದು ಅವಳ ಅವ್ವ, ದುರಗವ್ವ.

ಮೂರನೆಯ ನಿಮಿಷಕ್ಕೆ ಅದೇ ದನಿ ಇನ್ನೊಮ್ಮೆ ಯವ್ವಾ ಎಂದಿತು. ಈ ಸಲ 'ವಾ' ಕೆಳಗಿಳಿಯಲಿಲ್ಲ; ಮೇಲಕ್ಕೇರಿ ಅಲ್ಲೇ ನಿಂತು ಬಿರಿಯಿತು. ಅವ್ವ ಆ ವರ್ಷ ದೀಪಾವಳಿಗೆ ಕಾಲಿಗೆ ಬಟ್ಟೆ ಸುತ್ತಿಕೊಂಡು ಕುಂಟುತ್ತಿದ್ದಳು. ಎತ್ತುವ ಯವ್ವಾ ಬೇರೆ, ಬೀಳುವ ಯವ್ವಾ ಬೇರೆ. ಪೇಟೆಯ ಚೀಲಗಳ ಮೇಲೆ ಕೂತು ಅಕ್ಷರ ತಿದ್ದಿದ ಕಸ್ತೂರಿಗೆ ಅ ಆ ಇ ಈ ಕಲಿಯುವ ಮೊದಲೇ ಈ ವ್ಯತ್ಯಾಸ ಗೊತ್ತಿತ್ತು.

"ಇದೇನು? ಕೆಲಸ ಮಾಡೋದಾ, ಅಳೋದಾ?" ಗುರುತು ಬರೆದುಕೊಳ್ಳುತ್ತಿದ್ದವಳು ಕೇಳಿದಳು. "ಎರಡೂ ಒಂದೇ ಥರ ಇದ್ಯಲ್ಲ."

"ದನ ಕೂಗ್ದಂಗಿದೆ," ಎಂದು ಪಕ್ಕದವನು ನಕ್ಕ.

"ಕಸ್ತೂರಿ, ನೀವು ಈ ಕಡೆಯವರಲ್ವಾ? ನಿಮಗೇನಾದ್ರೂ ಗೊತ್ತಾಗತ್ತಾ?" ಬರೆದುಕೊಳ್ಳುತ್ತಿದ್ದವಳೇ ತಿರುಗಿ ಕೇಳಿದಳು.

ನಾಲ್ವರ ಕಣ್ಣೂ ಅವಳ ಮೇಲೆ. ದೊಡ್ಡಮನಿ ಎಂಬ ಮನೆತನದ ಹೆಸರನ್ನು ಒಂದೇ ಅಕ್ಷರಕ್ಕೆ ಇಳಿಸಿಕೊಂಡಿದ್ದವಳು ಅವಳು. ಅವ್ವನ ಫೋನು ಬಂದರೆ ಮೆಟ್ಟಿಲ ಕೆಳಗೆ ಹೋಗಿ ಪಿಸುಗುಡುತ್ತಿದ್ದವಳು. ಒಂದು ಮಾತು ಸಾಕಿತ್ತು: ಮೊದಲನೆಯದು ದುಡಿಮೆ, ಎರಡನೆಯದು ನೋವು. ಆದರೆ ಆ ಮಾತಿನ ಬೆನ್ನಿಗೇ ಇನ್ನೊಂದು ಪ್ರಶ್ನೆ ಬರುತ್ತಿತ್ತಲ್ಲ, ನಿಮಗೆ ಹೇಗೆ ಗೊತ್ತು ಎಂದು.

"ಇಲ್ಲ, ಗೊತ್ತಾಗಲ್ಲ," ಎಂದಳು ಕಸ್ತೂರಿ. "ಸದ್ದೇ ಇರಬೇಕು."

ಎರಡೂ ಯವ್ವಾ ಒಂದೇ ಗುಂಪಿಗೆ ಬಿದ್ದವು. ಗುಂಪಿಗೆ ಏನು ಹೆಸರಿಡೋಣ ಎಂದಾಗ, ಅಷ್ಟಾದರೂ ಮರ್ಯಾದೆ ಉಳಿಯಲಿ ಎಂದು 'ದುಡಿಮೆಯ ಸದ್ದು' ಎಂದು ಸೂಚಿಸಿದಳು. ಎಲ್ಲರೂ ಚೆನ್ನಾಗಿದೆ ಎಂದರು.

ಎರಡು ತಿಂಗಳ ಮೇಲೆ ಹೋಲಿಕೆಯ ಪರೀಕ್ಷೆ. ಅದೇ ಕೋಣೆ, ಅದೇ ಐವರು; ಪ್ರಯೋಗಾಲಯದವರು ತಮಾಷೆಗೆ ಅವರನ್ನು 'ಕಿವಿಪಂಚರು' ಎನ್ನುತ್ತಿದ್ದರು. ಮುಂದೆ ಕೆಂಪು, ಬಿಳಿ, ಹಸಿರು ಡಬ್ಬಿಗಳು. ಯಾವುದರೊಳಗೆ ಯಾವ ಕಂಪನಿಯ ಹರಳು ಎಂಬುದು ಗುಟ್ಟು. ಮೊದಲು ನಾದದ ಗುಣ. ಕೆಂಪಿನಲ್ಲಿ ಮದ್ದಳೆ ಊದಿಕೊಂಡಿತ್ತು. ಬಿಳಿಯಲ್ಲಿ ಕೊಳಲು ತಗಡಿಗೆ ಉಗುರು ಗೀರಿದ ಹಾಗಿತ್ತು. ಹಸಿರಿನಲ್ಲಿ ಹಾಡುವವನು ಚರಣಕ್ಕೆ ಮುಂಚೆ ಉಸಿರೆಳೆದುಕೊಂಡದ್ದೂ ಕೇಳಿತು. ಆಮೇಲೆ ಮೌನದ ಗುಣ: ರೈಲುನಿಲ್ದಾಣ, ಮದುವೆಮನೆ, ಕೊನೆಗೆ ಪೇಟೆ ಮೂರು. ಕೆಂಪು ಹರಳು ಹಾಕಿಕೊಂಡಾಗ ಅವ್ವ ಗೋಡೆಯಾಚೆ ಇದ್ದಳು. ಬಿಳಿಯಲ್ಲಿ ನೀರಿನಡಿ ಇದ್ದಳು. ಹಸಿರಿನಲ್ಲಿ ಇರಲೇ ಇಲ್ಲ. ಕಸ್ತೂರಿ ಹಸಿರಿಗೆ ಹತ್ತಕ್ಕೆ ಒಂಬತ್ತೂವರೆ ಕೊಟ್ಟಳು. ಹಸಿರೇ ತಿಳಿ.

ದುರಗವ್ವ ಅದಾಗಿ ಮೂರು ವರ್ಷ ಬದುಕಿದ್ದಳು. ಮಗಳು ತಂದುಕೊಟ್ಟ ತಿಳಿಯನ್ನು ಹಬ್ಬಕ್ಕೊಮ್ಮೆ ಕಿವಿಗಿಟ್ಟುಕೊಂಡು, "ಎಷ್ಟ್ ತಣ್ಣಗ ಐತಿ ನೋಡವಾ," ಎನ್ನುತ್ತಿದ್ದಳು.

ಹುಲಿಗೆವ್ವ ಸತ್ತು ಒಂಬತ್ತನೆಯ ದಿನ ಕಂಪನಿಯ ಮುಖ್ಯಸ್ಥ ಗಲಗಲಿ ಕಸ್ತೂರಿಯನ್ನು ಕರೆಸಿದ. ಗಲಗಲಿ ಸಜ್ಜನ. ಹುಲಿಗೆವ್ವನ ಮನೆಗೆ ತಾನೇ ಹೋಗಿ, ನೆಲದ ಮೇಲೆ ಕೂತು, ಅವರು ಕೊಟ್ಟ ಚಹಾ ಕುಡಿದು ಬಂದಿದ್ದ.

"ಗುಂಪು ಹದಿನಾಲ್ಕನ್ನು ತೆಗೀಬೇಕು ಸರ್," ಎಂದಳು ಕಸ್ತೂರಿ. "ಅದರಲ್ಲಿ ಎರಡು ಥರದ ಯವ್ವಾ ಇದಾವೆ. ಬೇರೆ ಮಾಡಿ ಮತ್ತೆ ಕಲಿಸೋಕೆ ಒಂದು ವರ್ಷ ಬೇಕು. ಅಲ್ಲಿವರೆಗೆ ಎಲ್ಲಾನೂ ಕೇಳಿಸಲಿ."

"ಎಲ್ಲಾ ಅಂದ್ರ? ಆ ಮಂದಿ ದಿನಕ್ಕ ಸಾವಿರ ಸಲ ಯವ್ವಾ ಅಂತಾರ. ನಮ್ಮ ಮೌನದ ಅಂಕಿ ಒಂಬತ್ತೂವರೆಯಿಂದ ಏಳಕ್ಕ ಇಳೀತದ. ಮುಂದಿನ ತಿಂಗಳ ಹೋಲಿಕಿ ಪಟ್ಟಿ ಬರೂದದ. ಏಳರಾಗಿದ್ದದ್ದನ್ನ ಯಾರ್ ತಗೋತಾರ ಹೇಳ್ರಿ?" ಗಲಗಲಿ ಕನ್ನಡಕ ತೆಗೆದು ಒರೆಸಿಕೊಂಡ. "ನಾ ಬ್ಯಾರೆ ವಿಚಾರ ಮಾಡೀನಿ. ಯಂತ್ರಕ್ಕ ಕಲಸೂದು ವರ್ಷದ ಕೆಲಸ. ಮಂದಿಗೆ ಕಲಸೂದು ಒಂದ್ ದಿನದ್ದು. ಒಂದ ಶಬ್ದ. ಕಾಪಾಡಿ. ಸ್ಪಷ್ಟ ಉಚ್ಚಾರ. ಯಂತ್ರದ ಮುಂದ ಸರಿಯಾಗಿ ಅಂದವ್ರಿಗೆ ಒಂದ್ ಕಾರ್ಡು. ಕಾರ್ಡ್ ಇದ್ದವ್ರನ್ನಷ್ಟ ಗೋದಾಮಿನಾಗ ಬಿಡ್ತಾರ. ಪೇಟಿಯವ್ರೂ ಹೂಂ ಅಂದಾರ."

"ಚೀಲ ಮೈಮೇಲೆ ಬಿದ್ದಾಗ ಯಾರು ಸರ್ ಉಚ್ಚಾರ ನೋಡ್ಕೊಂಡು ಕೂಗ್ತಾರೆ?"

"ರೂಢಿ ಆಗ್ತದ. ಕಲಸ್ಲಿಕ್ಕೆ ನೀವ ಹೋಗ್ರಿ. ಬ್ಯಾರೆಯವ್ರು ಹೋದ್ರ ಅವ್ರು ಕೇಳೂದಿಲ್ಲ. ದುರಗವ್ವನ ಮಗಳು ಬಂದಾಳ ಅಂದ್ರ ಕೇಳ್ತಾರ."

"ನಿಮಗೆ... ಗೊತ್ತಿತ್ತಾ?"

"ಅಯ್ಯ, ಮೊದಲ್ನೇ ದಿನದಿಂದ ಎಲ್ಲಾರಿಗೂ ಗೊತ್ತದ. ನೀವ ಹೇಳ್ಲಿಲ್ಲ ಅಂತ ನಾವೂ ಸುಮ್ನಿದ್ವಿ. ಅದ್ರಾಗೇನದ?"

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಿತ್ತು, ಎಂಟು ವರ್ಷ. ಯಾರಿಂದ ಮುಚ್ಚಿಡಲೆಂದು ಅವ್ವನನ್ನು ಸದ್ದು ಎಂದಳೋ ಅವರಿಗೆಲ್ಲ ಗೊತ್ತಿತ್ತು. ಅಂದು ಕೋಣೆಯಲ್ಲಿ "ನೀವು ಈ ಕಡೆಯವರಲ್ವಾ" ಎಂದು ಕೇಳಿದವರಿಗೂ ಗೊತ್ತಿತ್ತು. ಅವಳು ಇಲ್ಲವೆನ್ನುವುದನ್ನು ಅವರು ಸೌಜನ್ಯದಿಂದ ಕೇಳಿಸಿಕೊಂಡಿದ್ದರು, ಅಷ್ಟೆ. ಕಸ್ತೂರಿ ಮುಖ ಎತ್ತದೆ "ಹೋಗ್ತೀನಿ," ಎಂದಳು. ಬೇರೆ ಏನಾದರೂ ಹೇಳಬೇಕಾದರೆ ಮುಖ ಎತ್ತಬೇಕಾಗುತ್ತಿತ್ತು.

ಪೇಟೆಯ ಹರಾಜು ಕಟ್ಟೆಯ ನೆರಳಲ್ಲಿ ಮೂವತ್ತು ಹೆಂಗಸರು ಕೂತಿದ್ದರು. ಲಾರಿ ತುಂಬುವ ಕೆಲಸವನ್ನು ಯಂತ್ರ ಕಸಿದುಕೊಂಡ ಮೇಲೆ, ಯಂತ್ರ ನುಗ್ಗಲಾರದ ಗೋದಾಮಿನ ಸಂದುಗಳ ಕೆಲಸ ಈ ಹೆಂಗಸರಿಗೆ ಉಳಿದಿತ್ತು. ಮೇಜಿನ ಮೇಲೆ ಕಸ್ತೂರಿ ಒಂದು ಪೆಟ್ಟಿಗೆ ಇಟ್ಟಳು. ಸರಿಯಾಗಿ ಅಂದರೆ ಹಸಿರು ದೀಪ, ತಪ್ಪಿದರೆ ಕೆಂಪು. ಪರೀಕ್ಷೆಗೆಂದು ಬಲಗಿವಿಗೆ ಮಾತ್ರ ತಿಳಿ ಹಾಕಿಕೊಂಡಿದ್ದಳು. ಅದರ ಮೂಲಕ ಗಲಗಲಿಯೂ ಧಾರವಾಡದಿಂದ ಕೇಳುತ್ತಿದ್ದ. ಎಡಗಿವಿ ಖಾಲಿ.

"ದುರಗವ್ವನ ಕಸ್ತೂರಿ ಏನ? ಮಾರಿ ನೋಡು, ಹ್ಯಾಂಗ ಬಿಳಚಿಕೊಂಡೈತಿ. ನೆರಳಾಗ ಒಣಗಿಸಿದ ಮೆಣಸಿನಕಾಯಿ ಹಂಗ," ಎಂದಳು ಶಾಂತವ್ವ.

"ಸುಮ್ನಿರಲೇ, ಅಕ್ಕೋರು ಬಂದಾರ. ಪಾಟಿ ತಂದೀಯಿಲ್ಲೋ?" ಎಂದು ಇನ್ನೊಬ್ಬಳು ಶಾಲೆಯ ಹುಡುಗಿಯ ಹಾಗೆ ಕೈಕಟ್ಟಿ ಕೂತಳು.

ಶಾಂತವ್ವನೇ ಮೊದಲು ಎದ್ದಳು. ಸೆರಗು ಸರಿಮಾಡಿಕೊಂಡು ಪೆಟ್ಟಿಗೆಯ ಮುಂದೆ ಕೈಮುಗಿದು, "ಕಾಪಾಡ್ರೀ," ಎಂದಳು. ಕೆಂಪು ದೀಪ.

"'ರೀ' ಬ್ಯಾಡ ಶಾಂತಕ್ಕ. ಬರೇ ಕಾಪಾಡಿ."

"ರೀ ಅಂದ್ರ ಮರ್ಯಾದಿ ಅಲ್ಲೇನವಾ?"

"ಯಂತ್ರಕ್ಕ ಗೊತ್ತಾಗೂದಿಲ್ಲ."

"ಕೇಳಿದ್ರೇನ್ರೇ? ಸಾಯೂಮುಂದ ಯಾರಿಗೂ ಮರ್ಯಾದಿ ಕೊಡಬಾರದಂತ!"

ಕಟ್ಟೆಯೆಲ್ಲ ನಕ್ಕಿತು. ಕಸ್ತೂರಿಯೂ ನಗಲು ಹೋದಳು, ಆಗಲಿಲ್ಲ. ಏಳನೆಯ ಸಲಕ್ಕೆ ಶಾಂತವ್ವನಿಗೆ ಹಸಿರು ದೀಪ ಹತ್ತಿತು. ಕಾರ್ಡು ಇಸಿದುಕೊಂಡು ಹಿಂದುಮುಂದು ತಿರುಗಿಸಿ ನೋಡುತ್ತ ಕೂತಳು. ಆಮೇಲೆ ಎದ್ದವಳು ನೀಲವ್ವ. ಅರವತ್ತು ದಾಟಿದವಳು, ತಂಡದ ಹಿರಿಯಳು. ದುರಗವ್ವನ ಜೋಡಿಯಾಗಿ ಇಪ್ಪತ್ತು ವರ್ಷ ಚೀಲ ಎತ್ತಿದವಳು, ಕಸ್ತೂರಿಗೆ ಚಿಕ್ಕಮ್ಮನಂಥವಳು. ಒಂದು ತುದಿ ಇವಳದು, ಒಂದು ತುದಿ ಅವಳದು. ಅವಳು ಪೆಟ್ಟಿಗೆಯ ಕಡೆ ನೋಡಲಿಲ್ಲ.

"ಆವತ್ತ ಹುಲಿಗಿ ಏನಂದ್ಲು, ಕಸ್ತೂರಿ? ನಿಮ್ಮ ಹಳ್ಳಿನಾಗ ಎಲ್ಲಾ ಬರದಿರತೈತೆಂತಲ್ಲ." ಕಿವಿಯ ಹರಳಿಗೆ ಪೇಟೆಯವರು ಹಳ್ಳು ಎನ್ನುತ್ತಿದ್ದರು.

"ಯವ್ವಾ ಅಂದ್ಲು ಚಿಗವ್ವ."

"ಮತ್ತ ಯಾಕ್ ಕೇಳ್ಲಿಲ್ಲ?"

"ಎತ್ತೂ ಯವ್ವಾ ಅಂತ ತಿಳಕೊಂತು."

ನೀಲವ್ವ ನಿಂತಲ್ಲೇ ಸೊಂಟ ಬಗ್ಗಿಸಿ, ಬರಿಗೈಯಲ್ಲಿ ಚೀಲ ಎತ್ತಿದ ಹಾಗೆ ಮಾಡಿ, ಯವ್ವಾ ಎಂದಳು. ಆಮೇಲೆ ನೆಟ್ಟಗೆ ನಿಂತು ಇನ್ನೊಂದು ಯವ್ವಾ ಎಂದಳು. ಕಟ್ಟೆಯ ಮೇಲಿನ ಪಾರಿವಾಳಗಳು ಹಾರಿಹೋದವು. ಎರಡೂ ಸಲ ಕಸ್ತೂರಿಯ ಬಲಗಿವಿಯಲ್ಲಿ ಏನೂ ಆಗಲಿಲ್ಲ, ತಣ್ಣಗಿತ್ತು, ತಿಳಿಯಾಗಿತ್ತು. ಎಡಗಿವಿಯಿಂದ ಎರಡನೆಯದು ಒಳಗಿಳಿದು ಎದೆಯಲ್ಲಿ ಸಿಕ್ಕಿಕೊಂಡಿತು.

"ಇವೆರಡೂ ಒಂದ ಏನು? ನನ್ನ ಮೊಮ್ಮಗಳಿಗೆ ನಾಕ್ ವರ್ಷ, ಅಕಿಗೂ ಗೊತ್ತೈತಿ. ಒಂದ ಅಂತ ಆ ಯಂತ್ರಕ್ಕ ಹೇಳಿದವ್ರ್ಯಾರು?"

"ಆ ಮಾತು ಬ್ಯಾಡ್ರಿ ಡಾಕ್ಟರ್," ಎಂದ ಗಲಗಲಿ ಬಲಗಿವಿಯಲ್ಲಿ, ಮೆಲ್ಲಗೆ. "ಶಬ್ದ ಕಲಸ್ರಿ."

"ನಾನ ಹೇಳಿದೆ," ಎಂದಳು ಕಸ್ತೂರಿ. ಎಂಟು ವರ್ಷ ಹಿಡಿದಿಟ್ಟ ಮಾತು ತಾನಾಗಿ ಬಂತು. "ನಮ್ಮವ್ವನ ದನಿ ಕೇಳ್ಸಿದ್ರು. ಇದೇನು ಅಂತ ಕೇಳಿದ್ರು. ಅವ್ವ ಕಾಲಿನ ಮ್ಯಾಲ ಚೀಲ ಕೆಡವಿಕೊಂಡಿದ್ಲಲ್ಲ, ಆವತ್ತಿಂದು. ನನಗ ಗೊತ್ತಾತು. ಗೊತ್ತಿಲ್ಲ ಅಂದೆ. ಸದ್ದು ಅಂದೆ. ನಾಚಿಕಿ ಬಂತು ಚಿಗವ್ವ."

ಹಿಂದೆ ಯಾರೋ ಸೀನಿದರು.

"ತಪ್ಪಾತು," ಎಂದಳು ಕಸ್ತೂರಿ.

"ಅದನ್ನ ನನ್ನ ಮುಂದ ಇಡಬ್ಯಾಡ," ಎಂದಳು ನೀಲವ್ವ. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕಸ್ತೂರಿಗೆ ಹಗುರಾಗುತ್ತಿತ್ತು. "ತಗೋಳಾಕಿ ದುರಗವ್ವ, ಅಕಿ ಇಲ್ಲ. ಹುಲಿಗಿ, ಅಕೀನೂ ಇಲ್ಲ. ನನಗೊಂದ್ ಹೇಳು. ನಮ್ಮವ್ವ ಇದ ಪೇಟ್ಯಾಗ ಬಿದ್ದು ಸತ್ಲು. ಹದಿನೆಂಟನೇ ಇಸ್ವಿ. ನೀ ಇನ್ನೂ ಕೈಗೂಸು. ಆಗ ನಿಮ್ಮ ತಿಳಿ ಇರ್ಲಿಲ್ಲ. ಅಂಗಡಿ ಕಟ್ಟಿ ಮ್ಯಾಲ ಕುಂತವರ ಕಿವಿ ಎಲ್ಲಾ ಖಾಲಿನ ಇದ್ವು. ಆಗರ ಯಾರ್ ಎದ್ ಬಂದ್ರು? ಈಗ ಯಂತ್ರಕ್ಕ ನೀವು ಕಲ್ಸೀರಿ, ಬರೋಬ್ಬರಿ. ಖಾಲಿ ಕಿವಿಯವ್ರಿಗೆ ಯಾರ್ ಕಲ್ಸಿದ್ರು?"

ಉಬ್ಬಿಗೆ ತಗ್ಗು, ತಗ್ಗಿಗೆ ಉಬ್ಬು. ಇಷ್ಟು ಸೂಕ್ಷ್ಮವಾದ ಯಂತ್ರವೊಂದನ್ನು ಕಟ್ಟಲು ಕಸ್ತೂರಿಯ ತಂಡಕ್ಕೆ ಹನ್ನೊಂದು ವರ್ಷ ಹಿಡಿದಿತ್ತು. ಏನೂ ಇಲ್ಲದೆ ಅದೇ ಕೆಲಸ ಮಾಡುತ್ತಿದ್ದ ಕಿವಿಗಳನ್ನು ಯಾರು, ಎಷ್ಟು ಕಾಲದಿಂದ ಕಟ್ಟುತ್ತ ಬಂದರೋ.

"ಡಾಕ್ಟರ್," ಎಂದ ಗಲಗಲಿ. "ಆಕಿ ಹಿರಿಯಳಿದ್ದಾಳ. ಆಕಿ ಅಂದ್ರ ಉಳಿದವ್ರು ಅಂತಾರ. ಕಾರ್ಡಿನ ಮಾತು ಹೇಳ್ರಿ."

ಕಸ್ತೂರಿ ಹೇಳಿದಳು. ಹೇಳುತ್ತಿದ್ದೇನೆಂಬುದು ಗೊತ್ತಿದ್ದೂ, ತನ್ನ ದನಿಯನ್ನು ತಾನೇ ದೂರದಿಂದ ಕೇಳುತ್ತ ಹೇಳಿದಳು. "ಅನ್ಲಿಲ್ಲಂದ್ರ ನಾಳಿಂದ ಒಳಗ ಬಿಡೂದಿಲ್ಲಂತ. ಒಂದ ಶಬ್ದ ಚಿಗವ್ವ. ಅಂದ್ಬಿಡು."

ನೀಲವ್ವ ಅವಳ ಮುಖವನ್ನೇ ನೋಡಿದಳು. ದುರಗವ್ವನ ಹೋಲಿಕೆಯೇನಾದರೂ ಉಳಿದಿದೆಯೋ ಎಂದು ಹುಡುಕಿದ ಹಾಗೆ ನೋಡಿದಳು. ಶಾಂತವ್ವ ಎದ್ದು ಬಂದು ತನ್ನ ಕಾರ್ಡನ್ನು ಮೇಜಿನ ಮೇಲೆ ಬೋರಲಾಗಿಟ್ಟು ಹಿಂದೆ ಸರಿದಳು. ನೀಲವ್ವ ಬಗ್ಗಿ ಪೆಟ್ಟಿಗೆಯ ಬಾಯಿಯ ಹತ್ತಿರ ಬಾಯಿ ತಂದಳು.

"ಎದಿ ಮ್ಯಾಲ ಚೀಲ ಬಿದ್ದಾಗ ನಮ್ಮ ಬಾಯಾಗ ಬರೂದು ಅವ್ವನ ಹೆಸರು," ಎಂದಳು, ಒಂದೊಂದೇ ಮಾತನ್ನು ಬಿಡಿಸಿ, ಕಿವುಡರಿಗೆ ಹೇಳುವ ಹಾಗೆ. "ಅದನ್ನ ತಿದ್ದಾಕ ನಾ ಕೊಡಂಗಿಲ್ಲ. ನೀವು ಕಲೀರಿ. ನಾ ಅನ್ನಂಗಿಲ್ಲ."